ವ್ಯಾನ್ ಹತ್ತಿದ ಮಗುವಿನ ಹಿಂದೆ ಊಟ ಬರುವುದಿಲ್ಲ

ಜೂನ್ ತಿಂಗಳು ಬಂತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಒಂದೇ ಪ್ರಶ್ನೆ. ‘ಮಗುವನ್ನು ಎಲ್ಲಿಗೆ ಹಾಕಿದ್ದು?’ ಮೂರೂವರೆ ವರ್ಷದ ಮಗು. ಒಬ್ಬರು ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಪೇಟೆಯ ಶಾಲೆಯ ಹೆಸರು ಹೇಳುತ್ತಾರೆ. ಫೀಸ್ ಎಷ್ಟು, ವ್ಯಾನ್‌ಗೆ ಎಷ್ಟು, ಯೂನಿಫಾರ್ಮ್ ಎಲ್ಲಿ ಸಿಗುತ್ತದೆ ಎಂಬೆಲ್ಲ ಮಾತು ಆಗುತ್ತದೆ. ಮಧ್ಯಾಹ್ನ ಮಗು ಏನು ತಿನ್ನುತ್ತದೆ ಎಂದು ಕೇಳುವವರು ಕಡಿಮೆ. ‘ಡಬ್ಬಿ ಕೊಟ್ಟು ಕಳಿಸ್ತೇವೆ’ ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ.

ಈ ಡಬ್ಬಿಯ ವಿಷಯವನ್ನೇ ಸ್ವಲ್ಪ ಬಿಡಿಸಿ ನೋಡಬೇಕಾಗಿದೆ. ಯಾಕೆಂದರೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಸರಕಾರ ದಿನಕ್ಕೊಂದು ಉಚಿತ ಊಟ ಕೊಡಬೇಕೆಂದು ಈ ದೇಶದಲ್ಲಿ ಕಾನೂನು ಉಂಟು. ಆ ಊಟಕ್ಕೆ ಹಣವೂ ಉಂಟು. ಆದರೆ ಆ ಹಣ ಮಗುವಿನ ಹಿಂದೆ ಹೋಗುವುದಿಲ್ಲ. ಅಂಗನವಾಡಿಯ ಬಾಗಿಲಲ್ಲಿ, ಹೆಚ್ಚೆಂದರೆ ಸರಕಾರಿ ಶಾಲೆಯ ಬಾಗಿಲಲ್ಲಿ ಅದು ನಿಂತುಬಿಡುತ್ತದೆ. ಮಗುವನ್ನು ಖಾಸಗಿ ಎಲ್‌ಕೆಜಿಯ ವ್ಯಾನ್ ಹತ್ತಿಸಿದ ದಿನ ನಾವು ಫೀಸ್ ಕಟ್ಟಲು ಒಪ್ಪಿಕೊಳ್ಳುತ್ತೇವೆ. ಜೊತೆಗೆ ಅದರ ಒಂದು ಹೊತ್ತಿನ ಊಟದ ಹಕ್ಕನ್ನೂ ಗೊತ್ತಿಲ್ಲದೆ ಬಿಟ್ಟುಕೊಡುತ್ತೇವೆ.

ಇದು ಯಾರ ಧರ್ಮದ ಕೂಳೂ ಅಲ್ಲ

‘ಅಂಗನವಾಡಿ ಬಡವರಿಗೆ’ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಗಲ್ಫ್‌ನಲ್ಲಿ ಮಗ ದುಡಿಯುತ್ತಿರುವಾಗ ಮೊಮ್ಮಗ ಅಲ್ಲಿ ತಟ್ಟೆ ಹಿಡಿದು ಕೂರುವುದೆಂದರೆ ಮನೆಯ ಹಿರಿಯರಿಗೆ ಮುಜುಗರ. ಈ ಮುಜುಗರಕ್ಕೆ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಬ್ಲಾಕ್‌ಗಳಲ್ಲಿ ಪ್ರಯೋಗವಾಗಿ ಆರಂಭಿಸಿದರು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಈಗ ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ, ನಮ್ಮ ರಾಜ್ಯದಲ್ಲಿ ಹತ್ತಿರ ಹತ್ತಿರ 70 ಸಾವಿರ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವುದು, ತಾಯಂದಿರಿಗೆ ಆಹಾರ-ಆರೋಗ್ಯದ ತಿಳಿವಳಿಕೆ ಎಂದು ಆರು ಸೇವೆಗಳು ಇದರಡಿ ಬರುತ್ತವೆ.

ಮೊದಲಿಗೆ ಇದು ಸರಕಾರದ ಒಂದು ಯೋಜನೆ ಮಾತ್ರವಾಗಿತ್ತು. ಹಕ್ಕಾಗಿ ಬದಲಾದದ್ದು ನ್ಯಾಯಾಲಯದ ಮೂಲಕ. ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿದಿರುವುದು ಯಾಕೆ ಎಂದು ಪಿಯುಸಿಎಲ್ ಸಂಘಟನೆ 2001ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಮೊಕದ್ದಮೆಯಲ್ಲಿ ಬಂದ ಆದೇಶಗಳಲ್ಲಿ 2006ರ ಡಿಸೆಂಬರ್ 13ರದ್ದು ಮುಖ್ಯ. ಆರು ವರ್ಷದೊಳಗಿನ 40 ಮಕ್ಕಳಿರುವ ಯಾವುದೇ ಹಳ್ಳಿ ಅಥವಾ ಕೊಳೆಗೇರಿಯಲ್ಲಿ ಅಂಗನವಾಡಿ ಇಲ್ಲದಿದ್ದರೆ ಜನ ಕೇಳಬಹುದು. ಕೇಳಿದ ಮೂರು ತಿಂಗಳೊಳಗೆ ಸರಕಾರ ಅಲ್ಲಿ ಕೇಂದ್ರ ತೆರೆಯಬೇಕು ಎಂದು ಕೋರ್ಟು ಹೇಳಿತು. 2013ರಲ್ಲಿ ಬಂದ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 5ನೇ ಕಲಮು ಇದನ್ನೇ ಕಾನೂನು ಮಾಡಿತು. ಆರು ತಿಂಗಳಿನಿಂದ ಆರು ವರ್ಷದ ಮಗುವಿಗೆ ಸ್ಥಳೀಯ ಅಂಗನವಾಡಿಯ ಮೂಲಕ ವಯಸ್ಸಿಗೆ ತಕ್ಕ ಆಹಾರ, ಉಚಿತವಾಗಿ. 4ನೇ ಕಲಮು ಗರ್ಭಿಣಿಯರಿಗೆ ಮತ್ತು ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಯರಿಗೆ ಅದೇ ಹಕ್ಕು ಕೊಡುತ್ತದೆ.

ಇದರಲ್ಲಿ ಬಿಪಿಎಲ್ ಕಾರ್ಡಿನ ಮಾತೇ ಇಲ್ಲ. ಎಪಿಎಲ್ ಮನೆಯ ಮಗುವಿಗೂ ಬೀಡಿ ಕಟ್ಟುವ ತಾಯಿಯ ಮಗುವಿಗೂ ಒಂದೇ ತಟ್ಟೆ. ರಸ್ತೆ, ಕರೆಂಟು, ಸರಕಾರಿ ಆಸ್ಪತ್ರೆಯ ಚುಚ್ಚುಮದ್ದು ತೆಗೆದುಕೊಳ್ಳುವಾಗ ಯಾರೂ ನಾಚುವುದಿಲ್ಲ. ನಾವೇ ಕಟ್ಟಿದ ತೆರಿಗೆಯಿಂದ ಬೇಯುವ ಅನ್ನಕ್ಕೆ ನಾಚಿಕೆ ಎಂತಕ್ಕೆ?

8 ರೂಪಾಯಿಯ ಕಥೆ

ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದುಕೊಂಡರೆ ಮುಂದಿನ ಮಾತು ಸುಲಭ. 2005ರವರೆಗೆ ಅಂಗನವಾಡಿ ಊಟದ ಖರ್ಚನ್ನು ರಾಜ್ಯ ಸರಕಾರಗಳೇ ನೋಡಿಕೊಳ್ಳಬೇಕಿತ್ತು. 2005-06ರಿಂದ ಕೇಂದ್ರ ಅರ್ಧ ಕೊಡಲು ಶುರುಮಾಡಿತು. ಈಗಲೂ ಊಟದ ಖರ್ಚು ಕೇಂದ್ರ-ರಾಜ್ಯದ ನಡುವೆ ಅರ್ಧ ಅರ್ಧ. ಅಕ್ಕಿ-ಗೋಧಿಯನ್ನು ಕೇಂದ್ರ ರಿಯಾಯಿತಿ ದರದಲ್ಲಿ ಕೊಡುತ್ತದೆ.

ಒಂದು ಮಗುವಿಗೆ ದಿನಕ್ಕೆ ಎಷ್ಟು? 2004ರಲ್ಲಿ ಸುಪ್ರೀಂ ಕೋರ್ಟು ದರವನ್ನು 1 ರೂಪಾಯಿಯಿಂದ 2 ರೂಪಾಯಿಗೆ ಏರಿಸಲು ಹೇಳಿತು. 2008ರಲ್ಲಿ ಅದು 4 ರೂಪಾಯಿ ಆಯಿತು. 2012ರಲ್ಲಿ 6 ರೂಪಾಯಿ. 2017ರ ಅಕ್ಟೋಬರ್‌ನಲ್ಲಿ 8 ರೂಪಾಯಿ. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ, ಗರ್ಭಿಣಿ-ಬಾಣಂತಿಯರಿಗೆ 9 ರೂಪಾಯಿ 50 ಪೈಸೆ.

ಈ ಲೆಕ್ಕದಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ 2 ರೂಪಾಯಿ ಏರಿದೆ. ಅದೇ ನಡಿಗೆಯಲ್ಲಿ ಹೋಗಿದ್ದರೆ 2022ರ ಹೊತ್ತಿಗಾದರೂ 10 ರೂಪಾಯಿ ಆಗಬೇಕಿತ್ತು. ಆಗಲಿಲ್ಲ. 2025ರ ಬಜೆಟ್ ಮಂಡನೆಯಾದಾಗಲೂ ಕೇಂದ್ರದ ಲೆಕ್ಕದಲ್ಲಿ ಅದೇ 8 ರೂಪಾಯಿ. 2017ರಲ್ಲಿ ಬೇಳೆಗೆ, ಎಣ್ಣೆಗೆ, ಗ್ಯಾಸ್ ಸಿಲಿಂಡರಿಗೆ ಕೊಟ್ಟ ಬೆಲೆ ಎಷ್ಟಿತ್ತು, ಈಗ ಎಷ್ಟು ಎಂದು ಯಾವ ತಾಯಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಸರಕಾರಿ ಶಾಲೆಯ ಬಿಸಿಯೂಟಕ್ಕೆ ಹೀಗಾಗಲಿಲ್ಲ. 2021ರಲ್ಲಿ ಆ ಯೋಜನೆಗೆ ಪಿಎಂ ಪೋಷಣ್ ಎಂದು ಹೆಸರಿಟ್ಟು, ಸರಕಾರಿ ಮತ್ತು ಅನುದಾನಿತ ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಯ ಮಕ್ಕಳನ್ನೂ ಅದಕ್ಕೆ ಸೇರಿಸಿದರು. ಅಲ್ಲಿ ಬೇಳೆ, ತರಕಾರಿ, ಎಣ್ಣೆ ಮುಂತಾದ ಸಾಮಗ್ರಿಗೆ ಒಂದು ಮಗುವಿನ ದರ 2022ರ ಅಕ್ಟೋಬರ್‌ನಲ್ಲಿ 5.45 ರೂಪಾಯಿ, 2024ರ ಡಿಸೆಂಬರ್‌ನಲ್ಲಿ 6.19, 2025ರ ಮೇ ತಿಂಗಳಲ್ಲಿ 6.78 ಆಯಿತು. ಅಕ್ಕಿ-ಗೋಧಿ ಇದಕ್ಕೆ ಹೊರತಾಗಿ ಉಚಿತ. ಆದ್ದರಿಂದ ಎರಡು ದರಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಆದರೆ ಒಂದೇ ಊರಿನ ನಾಲ್ಕು ವರ್ಷದ ಇಬ್ಬರು ಮಕ್ಕಳಲ್ಲಿ ಶಾಲೆಯ ಎಲ್‌ಕೆಜಿಯಲ್ಲಿ ಕೂತ ಮಗುವಿನ ಊಟದ ದರ ಮೂರು ಸಲ ಏರಿತು, ಅಂಗನವಾಡಿಯಲ್ಲಿ ಕೂತ ಮಗುವಿನದ್ದು ಏರಲೇ ಇಲ್ಲ ಎಂಬುದು ಸತ್ಯ.

ಒಟ್ಟು ಹಣದ ಕಥೆಯೂ ಹಾಗೆಯೇ. ಅಂಗನವಾಡಿ ಮತ್ತು ಪೋಷಣ್ 2.0 ಸೇರಿದ ಕೇಂದ್ರದ ಯೋಜನೆಗೆ 2021-22ರ ಬಜೆಟಿನಲ್ಲಿ 20,105 ಕೋಟಿ ರೂ. ಇಟ್ಟಿದ್ದರು. 2025-26ರಲ್ಲಿ 21,960 ಕೋಟಿ ರೂ. ನಾಲ್ಕು ವರ್ಷಗಳಲ್ಲಿ ಏರಿದ್ದು ಶೇ. 9ರಷ್ಟು. ಅಷ್ಟರಲ್ಲೇ ಕಟ್ಟಡ, ಮೊಬೈಲ್, ಗೌರವಧನ, ಊಟ ಎಲ್ಲವೂ ನಡೆಯಬೇಕು. ಊಟ ಬಿಟ್ಟು ಉಳಿದ ಖರ್ಚಿನಲ್ಲಿ ಒಂದು ಕಾಲಕ್ಕೆ ಕೇಂದ್ರದ ಪಾಲು ಶೇ. 90 ಇತ್ತು. 2015-16ರಿಂದ ಅದು ಶೇ. 60ಕ್ಕೆ ಇಳಿಯಿತು. ಉಳಿದ ಭಾರ ರಾಜ್ಯದ ಹೆಗಲಿಗೆ ಬಂತು.

ಕರ್ನಾಟಕದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. ಈ 8 ರೂಪಾಯಿಯ ಮೇಲೆ ರಾಜ್ಯ ತನ್ನ ಕೈಯಿಂದಲೂ ಹಾಕಿದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದಲ್ಲಿ ಮಗುವಿಗೆ 150 ಮಿಲಿಲೀಟರ್ ಹಾಲು ಸಿಗುತ್ತದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ವಾರದಲ್ಲಿ ಎರಡು ದಿನ ಮೊಟ್ಟೆ ಕೊಡುತ್ತಾರೆ. ಮಗುವಿನ ಬೆಳವಣಿಗೆಗೆ ಬೇಕಾದ ಪ್ರೊಟೀನ್ ಮಗುವಿಗೆ ಇಷ್ಟವಾಗುವ ರೂಪದಲ್ಲಿ ಸಿಗುವುದು ಈ ಹಾಲು-ಮೊಟ್ಟೆಯಿಂದಲೇ.

ನಮ್ಮೂರಿನ ಲೆಕ್ಕ

ಅಂಗನವಾಡಿ ಊಟ ವರ್ಷಕ್ಕೆ 300 ದಿನ ಕೊಡಬೇಕೆಂದು ನಿಯಮ. ಹಾಲು, ಮೊಟ್ಟೆ ಬಿಟ್ಟು ಬರೀ ಈ 8 ರೂಪಾಯಿಯನ್ನೇ ಹಿಡಿಯೋಣ. ಒಂದು ಮಗುವಿಗೆ ವರ್ಷಕ್ಕೆ 2,400 ರೂಪಾಯಿ. ಮೂರು ವರ್ಷದಿಂದ ಆರು ವರ್ಷದವರೆಗೆ 7,200 ರೂಪಾಯಿ. ಒಂದು ಮೊಹಲ್ಲಾದ 20 ಮಕ್ಕಳು ಅಂಗನವಾಡಿ ಬಿಟ್ಟು ಖಾಸಗಿ ಎಲ್‌ಕೆಜಿಗೆ ಹೋದರೆ ವರ್ಷಕ್ಕೆ 48 ಸಾವಿರ ರೂಪಾಯಿಯ ಆಹಾರ ಆ ಮೊಹಲ್ಲಾಕ್ಕೆ ಬರುವುದು ನಿಂತಿತು ಎಂದರ್ಥ.

ಇಷ್ಟೇ ಅಲ್ಲ. ಅಂಗನವಾಡಿಯಲ್ಲಿ ಮಕ್ಕಳ ಸಂಖ್ಯೆ ಇಳಿದಂತೆ ಆ ಕೇಂದ್ರವನ್ನು ಬೇರೆ ಕೇಂದ್ರಕ್ಕೆ ಸೇರಿಸುವ ಮಾತು ಶುರುವಾಗುತ್ತದೆ. ಆಗ ತೊಂದರೆ ಆಗುವುದು ವ್ಯಾನ್‌ಗೆ ದುಡ್ಡಿಲ್ಲದ ಮನೆಯ ಮಗುವಿಗೆ. ನಾವು ಕೈಬಿಟ್ಟ ಕೇಂದ್ರದ ಬಾಗಿಲು ಮುಚ್ಚಿದರೆ ಪಕ್ಕದ ಮನೆಯ ತಾಯಿ ತನ್ನ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಎರಡು ಗುಡ್ಡ ದಾಟಬೇಕು. ಬಂಟ್ವಾಳ, ಬೆಳ್ತಂಗಡಿ, ಪುತ್ತೂರಿನ ಒಳ ಊರುಗಳಲ್ಲಿ ಮನೆಯಿಂದ ಮನೆಗೆ ಎಷ್ಟು ದೂರ ಎಂಬುದು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

‘ನಮ್ಮ ಮಕ್ಕಳಿಗೆ ತಿನ್ನಲಿಕ್ಕೆ ಬೇಕಾದಷ್ಟು ಉಂಟು’ ಎಂದು ಕೆಲವರು ಹೇಳಬಹುದು. ಹೊಟ್ಟೆ ತುಂಬುವುದು ಬೇರೆ, ಮಗು ಬೆಳೆಯುವುದು ಬೇರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಶೇ. 32.9 ಮಂದಿ ವಯಸ್ಸಿಗೆ ತಕ್ಕ ತೂಕ ಇಲ್ಲದವರು. ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಮೂವರಲ್ಲಿ ಇಬ್ಬರು ಮಕ್ಕಳ ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರುವ ರಾಜ್ಯದಲ್ಲಿ ಇದನ್ನು ಬಡವರ ಮನೆಯ ಸಮಸ್ಯೆ ಮಾತ್ರ ಎಂದು ಹೇಳಲಾಗದು. ಬಿಸ್ಕತ್ತು, ಪ್ಯಾಕೆಟ್ ಚಿಪ್ಸ್, ಎರಡು ನಿಮಿಷದ ನೂಡಲ್ಸ್ ತುಂಬಿದ ಡಬ್ಬಿ ಹೊತ್ತ ಮಗುವಿಗೂ ಇದು ಬರುತ್ತದೆ. ಮೆದುಳಿನ ಬೆಳವಣಿಗೆಯ ಶೇ. 85ಕ್ಕಿಂತ ಹೆಚ್ಚು ಪಾಲು ಆರು ವರ್ಷದೊಳಗೇ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಇಂಗ್ಲಿಷ್ ಅಕ್ಷರ ಏಳನೇ ವರ್ಷದಲ್ಲೂ ಕಲಿಯಬಹುದು. ಈ ವಯಸ್ಸಿನಲ್ಲಿ ತಪ್ಪಿದ ಬೆಳವಣಿಗೆಯನ್ನು ಆಮೇಲೆ ತುಂಬಿಸುವುದು ಕಷ್ಟ.

ಬಿಟ್ಟು ಹೋಗುವವರ ಮಾತಿನಲ್ಲೂ ಸತ್ಯ ಉಂಟು

ಹಾಗೆಂದು ತಾಯ್ತಂದೆಯರನ್ನು ದೂರಿ ಪ್ರಯೋಜನ ಇಲ್ಲ. ಅವರು ಅಂಗನವಾಡಿ ಬಿಡುವುದಕ್ಕೆ ಕಾರಣಗಳಿವೆ. ಕೆಲವು ಕೇಂದ್ರಗಳು ಬಾಡಿಗೆಯ ಒಂದೇ ಕೋಣೆಯಲ್ಲಿವೆ. ಅಡುಗೆ ಅಲ್ಲೇ, ಪಾಠ ಅಲ್ಲೇ, ಮಳೆಗಾಲದಲ್ಲಿ ಸೋರುವುದೂ ಅಲ್ಲೇ. ಶೌಚಾಲಯ ಇದ್ದರೂ ನೀರು ಇಲ್ಲ. ಒಬ್ಬರೇ ಟೀಚರ್ ಪಾಠವನ್ನೂ ಮಾಡಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ, ತೂಕ, ಎತ್ತರ ಎಲ್ಲ ತುಂಬಬೇಕು, ಚುನಾವಣೆ ಬಂದರೆ ಆ ಕೆಲಸವನ್ನೂ ಮಾಡಬೇಕು. ಪಾಠಕ್ಕೆ ಸಮಯ ಎಲ್ಲಿ?

ಊಟದ ರುಚಿಯ ಮಾತೂ ಉಂಟು. ಕರಾವಳಿಯ ಮಗುವಿನ ನಾಲಿಗೆ ಕುಚ್ಚಲಕ್ಕಿಯ ಗಂಜಿ, ಮೀನು ಸಾರು, ಪತ್ತಿರಿಗೆ ಹೊಂದಿಕೊಂಡದ್ದು. ಅದಕ್ಕೆ ಬೆಳ್ತಿಗೆ ಅನ್ನ ಸಪ್ಪೆ. ಮಗು ಬಿಟ್ಟ ಅನ್ನ ನೋಡಿ ‘ಅಲ್ಲಿ ಎಂತ ತಿನ್ನುವುದು ಮಾರ್ರೆ’ ಎನ್ನುವ ತಾಯಿಯ ಮಾತು ಸುಳ್ಳಲ್ಲ. ಪಡಿತರಕ್ಕೂ ಅಂಗನವಾಡಿಗೂ ಕುಚ್ಚಲಕ್ಕಿ ಕೊಡಿ ಎಂಬ ಬೇಡಿಕೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಬಹಳ ಕಾಲದಿಂದ ಇದೆ.

ಭಾಷೆಯ ತೊಡಕು ಇನ್ನೊಂದು. ಮನೆಯಲ್ಲಿ ಬ್ಯಾರಿ ಮಾತನಾಡುವ ಮಗು ಮೊದಲ ಸಲ ಕನ್ನಡ ಕೇಳುವುದು ಅಂಗನವಾಡಿಯಲ್ಲಿ. ಟೀಚರಿಗೆ ಬ್ಯಾರಿ ಅರ್ಥವಾದರೆ ಮಗು ಬೇಗ ಹೊಂದಿಕೊಳ್ಳುತ್ತದೆ. ನಮ್ಮ ಹೆಣ್ಣುಮಕ್ಕಳು ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಹುದ್ದೆಗೆ ಅರ್ಜಿ ಹಾಕಬೇಕು ಎಂದು ಹೇಳುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ದೊಡ್ಡ ಕಾರಣ ಇಂಗ್ಲಿಷ್. ‘ಎಲ್‌ಕೆಜಿ ಮಾಡದಿದ್ದರೆ ಒಂದನೇ ತರಗತಿಗೆ ಸೀಟು ಕೊಡುವುದಿಲ್ಲ’ ಎಂಬ ಭಯ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಎಂಬ ನಿಯಮ ಬಂದ ಮೇಲೆ ಮಗು ಈ ಹಂತದಲ್ಲಿ ಕಳೆಯುವ ವರ್ಷಗಳೂ ಹೆಚ್ಚಿವೆ. ಅದಕ್ಕೆ ತಕ್ಕಂತೆ ಖಾಸಗಿ ಶಾಲೆಯ ಫೀಸೂ ಹೆಚ್ಚಿದೆ.

ಇಲ್ಲಿ ಒಂದು ನಡುದಾರಿ ಉಂಟು, ಬಹಳ ಮಂದಿಗೆ ಗೊತ್ತಿಲ್ಲ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಮತ್ತು ಇನ್ನು ಕೆಲವು ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ-ಯುಕೆಜಿ ಇವೆ. ಮೇಲೆ ಹೇಳಿದ ಪಿಎಂ ಪೋಷಣ್ ಊಟ ಸರಕಾರಿ ಶಾಲೆಯ ಪೂರ್ವ ಪ್ರಾಥಮಿಕ ಮಗುವಿಗೂ ಸಲ್ಲುತ್ತದೆ. ಮಗುವನ್ನು ಅಲ್ಲಿಗೆ ಸೇರಿಸುವ ಮೊದಲು ‘ಇಲ್ಲಿ ಎಲ್‌ಕೆಜಿಯವರಿಗೆ ಬಿಸಿಯೂಟ ಕೊಡ್ತೀರಾ?’ ಎಂದು ಹೆಡ್‌ಮಾಸ್ಟರನ್ನು ಕೇಳಿ. ಇಲ್ಲ ಎಂದರೆ ಯಾಕೆ ಇಲ್ಲ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಈ ಊಟ ಶಾಲೆ ನಡೆಯುವ ದಿನಗಳಿಗೆ ಮಾತ್ರ ಎಂಬುದೂ ನೆನಪಿರಲಿ. ಅಂಗನವಾಡಿಯ ಹಾಗೆ 300 ದಿನ ಸಿಗುವುದಿಲ್ಲ.

ಖಾಸಗಿ ಅನುದಾನರಹಿತ ಶಾಲೆಗೆ ಈ ಎರಡರಲ್ಲಿ ಯಾವ ಹಣವೂ ಬರುವುದಿಲ್ಲ. ಅದನ್ನು ಜಮಾಅತ್ ನಡೆಸಲಿ, ಟ್ರಸ್ಟ್ ನಡೆಸಲಿ, ಬೇರೆ ಯಾರೇ ನಡೆಸಲಿ.

ಉಮ್ಮಂದಿರು ತಿಳಿದಿರಬೇಕಾದದ್ದು

ಮೂರು ವರ್ಷ ತುಂಬುವವರೆಗೆ ಮಗು ಕೇಂದ್ರಕ್ಕೆ ಹೋಗಿ ಉಣ್ಣಬೇಕಾಗಿಲ್ಲ. ಆರು ತಿಂಗಳಿನಿಂದ ಮೂರು ವರ್ಷದವರೆಗೆ ಆಹಾರವನ್ನು ಮನೆಗೇ ಕೊಡುತ್ತಾರೆ. ನಮ್ಮಲ್ಲಿ ‘ಪುಷ್ಟಿ’ ಎಂದು ಕರೆಯುವ ಪುಡಿ ಇದೇ. ಇದನ್ನು ತಯಾರಿಸುವುದು ತಾಲೂಕು ಮಟ್ಟದಲ್ಲಿ ಮಹಿಳೆಯರೇ ನಡೆಸುವ ಪೂರಕ ಪೌಷ್ಟಿಕ ಆಹಾರ ತಯಾರಿಕಾ ಕೇಂದ್ರಗಳು. ಕೆಲವು ಮನೆಗಳಲ್ಲಿ ಈ ಪುಡಿ ಡಬ್ಬದಲ್ಲಿ ಹುಳ ಹಿಡಿಯುವುದೂ ಉಂಟು, ಹಟ್ಟಿಯ ದನದ ಬಾಯಿಗೆ ಹೋಗುವುದೂ ಉಂಟು. ಸ್ವಲ್ಪ ತುಪ್ಪ, ಬೆಲ್ಲ ಹಾಕಿ ಮಣ್ಣಿ ಕಾಯಿಸಿದರೆ ಮಗು ತಿನ್ನುತ್ತದೆ. ಪುಡಿ ಹಳತಾಗಿದ್ದರೆ, ವಾಸನೆ ಬರುತ್ತಿದ್ದರೆ ಸುಮ್ಮನೆ ತೆಗೆದುಕೊಂಡು ಬರಬೇಡಿ. ವಾಪಸ್ ಕೊಟ್ಟು ಬೇರೆ ಕೇಳಿ.

ಗರ್ಭಿಣಿಯರಿಗೆ, ಬಾಣಂತಿಯರಿಗೆ 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಬಂತು. ಅನ್ನ, ಸಾಂಬಾರು, ಪಲ್ಯ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಅಂಗನವಾಡಿಗೇ ಬಂದು ಉಣ್ಣಬೇಕು ಎಂಬ ಷರತ್ತು ಕರಾವಳಿ ಮತ್ತು ಮಲೆನಾಡಿನಲ್ಲಿ ಕಷ್ಟವಾಯಿತು. ಎಂಟು ತಿಂಗಳ ಬಸುರಿ ಗುಡ್ಡ ಇಳಿದು ಊಟಕ್ಕೆ ಹೋಗಿ ಮತ್ತೆ ಹತ್ತುವುದು ಹೇಗೆ ಎಂದು ಕೇಳಿದವರಿಗೆ ಸರಿಯಾದ ಉತ್ತರ ಇರಲಿಲ್ಲ. ಕೋವಿಡ್ ಕಾಲದಲ್ಲಿ ರೇಷನ್ ಮನೆಗೆ ಕೊಟ್ಟರು. ಈಗ ನಿಮ್ಮ ಕೇಂದ್ರದಲ್ಲಿ ಯಾವ ಕ್ರಮ ಇದೆ ಎಂದು ಟೀಚರನ್ನು ಕೇಳಿ ತಿಳಿದುಕೊಳ್ಳಿ.

ನಮ್ಮ ಸಮುದಾಯದಲ್ಲಿ ಹೆರಿಗೆಗೆ ಮಗಳು ತಾಯಿ ಮನೆಗೆ ಹೋಗುವುದು ವಾಡಿಕೆ. ಹೆಸರು ಗಂಡನ ಊರಿನ ಅಂಗನವಾಡಿಯಲ್ಲಿ, ಇರುವುದು ಉಮ್ಮನ ಮನೆಯಲ್ಲಿ. ಹೀಗೆ ನಾಲ್ಕೈದು ತಿಂಗಳ ಆಹಾರ ಎರಡು ಕಡೆಯೂ ಇಲ್ಲದೆ ಹೋಗುತ್ತದೆ. ಎಲ್ಲಿ ವಾಸ ಇದ್ದೀರೋ ಅಲ್ಲಿನ ಕೇಂದ್ರದಲ್ಲಿ ಹೆಸರು ಬರೆಸಲು, ಆ್ಯಪ್‌ನಲ್ಲಿ ವರ್ಗಾಯಿಸಲು ಅವಕಾಶ ಇದೆ. ತಾಯಿ ಕಾರ್ಡು, ಆಧಾರ್ ಹಿಡಿದುಕೊಂಡು ಹೋಗಿ. ಮಗುವಿಗೆ ಆಧಾರ್ ಆಗಿಲ್ಲ ಎಂದು ಆಹಾರ ನಿಲ್ಲಿಸುವಂತಿಲ್ಲ, ತಾಯಿಯ ಆಧಾರ್ ಸಾಕು. 2025ರ ಜುಲೈಯಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವ ಪದ್ಧತಿಯನ್ನು ಕಡ್ಡಾಯ ಮಾಡಿದ್ದಾರೆ. ನೆಟ್‌ವರ್ಕ್ ಸಿಗದ ಊರಿನಲ್ಲಿ ಇದರಿಂದ ತೊಂದರೆ ಆದರೆ ಬರಿಗೈಯಲ್ಲಿ ಮನೆಗೆ ಹೋಗಿ ಸುಮ್ಮನಾಗಬೇಡಿ, ಮೇಲ್ವಿಚಾರಕಿಗೆ ತಿಳಿಸಿ.

ಇನ್ನು ತೂಕದ ಮಾತು. ತಿಂಗಳಿಗೊಮ್ಮೆ ಮಗುವಿನ ತೂಕ, ಎತ್ತರ ನೋಡುವುದು ಅಂಗನವಾಡಿಯ ಕೆಲಸ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವಿಗೆ ಹೆಚ್ಚಿನ ಆಹಾರ ಸಿಗಬೇಕು, ಬೇಕಾದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಬೇಕು. ‘ನಮ್ಮ ಮನೆಯಲ್ಲಿ ಎಲ್ಲರೂ ಸಣಕಲು’ ಎಂದು ತಳ್ಳಿಹಾಕಬೇಡಿ. ‘ಕಣ್ಣು ಬೀಳ್ತದೆ, ತೂಕ ಮಾಡಬೇಡಿ’ ಎನ್ನುವ ಅಜ್ಜಿಯರಿಗೂ ಮೆಲ್ಲನೆ ಹೇಳಿ ಒಪ್ಪಿಸಬೇಕು.

ಟೀಚರ ಪರ್ಸಿನಿಂದ ಹೋಗುವ ಮೊಟ್ಟೆ

ಸರಕಾರದ ಹಣ ಕಡಿಮೆ ಬಿದ್ದಾಗ, ತಡವಾದಾಗ ಆ ಕೊರತೆಯನ್ನು ತುಂಬುವವರು ಯಾರು? ಹೆಚ್ಚಿನ ಸಲ ಟೀಚರೇ. ಮೊಟ್ಟೆಗೆ ಸರಕಾರ ಕೊಡುವ ದರಕ್ಕೂ ಅಂಗಡಿಯ ದರಕ್ಕೂ ತಾಳೆ ಆಗುವುದಿಲ್ಲ, ಬಿಲ್ಲು ತಿಂಗಳುಗಟ್ಟಲೆ ಬರುವುದಿಲ್ಲ, ಕೈಯಿಂದ ಹಾಕಿ ತರಬೇಕಾಗುತ್ತದೆ ಎಂಬ ದೂರು ರಾಜ್ಯದ ಅಂಗನವಾಡಿ ಕಾರ್ಯಕರ್ತೆಯರ ಹೋರಾಟಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಕೇಂದ್ರ ಸರಕಾರದ ಲೆಕ್ಕದಲ್ಲಿ ಅವರ ತಿಂಗಳ ಗೌರವಧನ 4,500 ರೂಪಾಯಿ, ಸಹಾಯಕಿಗೆ 2,250. ಅದು 2018ರ ಅಕ್ಟೋಬರ್‌ನಲ್ಲಿ ಏರಿಸಿದ ಲೆಕ್ಕ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಅಷ್ಟು ಸಂಬಳದ ಹೆಣ್ಣುಮಗಳು ನಮ್ಮ ಮಗುವಿನ ಮೊಟ್ಟೆಗೆ ತನ್ನ ಕೈಯಿಂದ ಸಾಲ ಕೊಡುತ್ತಿದ್ದಾಳೆ.

ಮೊಟ್ಟೆ ಸಣ್ಣದು ಎಂದು ಟೀಚರ ಜೊತೆ ಜಗಳಕ್ಕೆ ಹೋಗುವ ಮೊದಲು ಇದು ನೆನಪಿರಲಿ. ದರ ನಿಗದಿ ಮಾಡುವವರು ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ ಇದ್ದಾರೆ. ಕೇಳಬೇಕಾದದ್ದು ಅವರನ್ನು. ಶಾಸಕರು ಉರೂಸಿಗೆ, ಮದುವೆಗೆ, ಇಫ್ತಾರಿಗೆ ಬಂದಾಗ ರಸ್ತೆ, ಕಾಂಪೌಂಡು, ತಡೆಗೋಡೆ ಕೇಳುತ್ತೇವೆ. ‘2017ರ 8 ರೂಪಾಯಿ ಯಾವಾಗ ಏರುವುದು?’ ಎಂದು ಒಂದು ಸಲ ಕೇಳಿ ನೋಡಿ. ಸಂಸದರಿಗೂ ಅದೇ ಪ್ರಶ್ನೆ. ಅರ್ಧ ಹಣ ಕೇಂದ್ರದ್ದು.

ಜಮಾಅತ್ ಏನು ಮಾಡಬಹುದು?

ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳೇ ಹೆಚ್ಚು ಇವೆ.

ಒಂದು, ಲೆಕ್ಕ. ನಮ್ಮ ಜಮಾಅತಿನ ವ್ಯಾಪ್ತಿಯಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು, ಅವರಲ್ಲಿ ಅಂಗನವಾಡಿ ಪುಸ್ತಕದಲ್ಲಿ ಹೆಸರಿರುವವರು ಎಷ್ಟು? ವಂತಿಗೆ ವಸೂಲಿಗೆ ಮನೆ ಮನೆಗೆ ಹೋಗುವ ಹುಡುಗರು ಇದನ್ನು ಒಂದು ವಾರದಲ್ಲಿ ಬರೆದು ತರುತ್ತಾರೆ. 40 ಮಕ್ಕಳಿದ್ದು ಹತ್ತಿರ ಕೇಂದ್ರ ಇಲ್ಲದಿದ್ದರೆ ಆ ಪಟ್ಟಿಯೇ ಅರ್ಜಿಗೆ ಆಧಾರ. ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡು, ಬಾಲವಿಕಾಸ ಸಮಿತಿ. ಪ್ರತಿ ಅಂಗನವಾಡಿಗೂ ಇಂಥದ್ದೊಂದು ಸಮಿತಿ ಇರುತ್ತದೆ, ಅದರಲ್ಲಿ ತಾಯಂದಿರು ಇರಬೇಕು. ಮೊಟ್ಟೆ-ತರಕಾರಿಯ ಹಣದ ಲೆಕ್ಕ ಈ ಸಮಿತಿಯ ಮುಂದೆ ಬರಬೇಕು. ನಮ್ಮ ತಾಯಂದಿರು ಹೆಸರಿಗೆ ಸದಸ್ಯರಾಗಿ ಸಹಿ ಹಾಕಿ ಬರುವುದು ಸಾಲದು. ಕೂತು ಕೇಳಬೇಕು. ಈ ತಿಂಗಳು ಎಷ್ಟು ಹಣ ಬಂತು? ಎಷ್ಟು ಬಾಕಿ? ಮೊಟ್ಟೆ ಎಷ್ಟು ದಿನ ಕೊಟ್ಟಿರಿ? ಟೀಚರ ಕೈಯಿಂದ ಎಷ್ಟು ಹೋಗಿದೆ? ಈ ಪ್ರಶ್ನೆಗಳು ಟೀಚರ ವಿರುದ್ಧ ಅಲ್ಲ. ಬಾಕಿ ಎಷ್ಟು ಎಂದು ಸಮಿತಿ ಬರೆದು ಕೊಟ್ಟರೆ ಅವರಿಗೇ ಬಲ.

ಮೂರು, ಜಾಗ. ಬಾಡಿಗೆ ಕೋಣೆಯಲ್ಲಿ ಸೋರುವ ಅಂಗನವಾಡಿಗೆ ಐದು ಸೆಂಟ್ಸ್ ಜಾಗ ಕೊಡಬಲ್ಲವರು ನಮ್ಮ ಊರುಗಳಲ್ಲಿ ಇದ್ದಾರೆ. ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳು ಒಟ್ಟಿಗೆ ಕೂತು ಉಣ್ಣುವ ಜಾಗ ಊರಿನಲ್ಲಿ ಕಡಿಮೆ ಆಗುತ್ತಿರುವ ದಿನಗಳಿವು. ಬ್ಯಾರಿ ಮಗು, ಬಿಲ್ಲವರ ಮಗು, ಕೊರಗರ ಮಗು ಒಂದೇ ಚಾಪೆಯಲ್ಲಿ ಕೂರುವುದು ಅಲ್ಲಿ ಮಾತ್ರ. ಅದನ್ನು ಉಳಿಸಿಕೊಳ್ಳುವುದಕ್ಕೆ ಖರ್ಚು ಮಾಡಿದರೆ ನಷ್ಟವೇನಿಲ್ಲ.

ನಾಲ್ಕು, ನಮ್ಮದೇ ಸಂಸ್ಥೆಗಳು. ಜಮಾಅತ್, ಟ್ರಸ್ಟುಗಳು ನಡೆಸುವ ಎಲ್‌ಕೆಜಿಗಳಿಗೆ ಸರಕಾರದ ಊಟದ ಹಣ ಬರುವುದಿಲ್ಲ ಎಂದಾಯಿತು. ಹಾಗಿದ್ದರೆ ಮಗುವನ್ನು ಅಂಗನವಾಡಿಯಿಂದ ಕರೆದು ತಂದವರು ಅದರ ಊಟದ ಹೊಣೆಯನ್ನೂ ಹೊರಬೇಕಲ್ಲವಾ? ಕಟ್ಟಡಕ್ಕೆ ಮಾರ್ಬಲ್, ಗೇಟಿಗೆ ಕಮಾನು, ವಾರ್ಷಿಕೋತ್ಸವಕ್ಕೆ ಶಾಮಿಯಾನ ಹಾಕಿಸುವವರು ಸಿಗುತ್ತಾರೆ. ಮಧ್ಯಾಹ್ನ ಒಂದು ಹಿಡಿ ಗಂಜಿ, ಹೆಸರುಕಾಳಿನ ಪಲ್ಯ, ವಾರದಲ್ಲಿ ಎರಡು ಮೊಟ್ಟೆ ಕೊಡಿಸುವವರು ಸಿಗದೇ ಇರಲಾರರು. ಕೇಳಬೇಕಷ್ಟೇ.

ಬೆಳಗ್ಗೆ ಮದ್ರಸಕ್ಕೆ ಹೋಗಿ ಅಲ್ಲಿಂದಲೇ ಶಾಲೆಯ ವ್ಯಾನ್ ಹಿಡಿಯುವ ಐದು-ಆರು ವರ್ಷದ ಮಕ್ಕಳ ಬಗ್ಗೆಯೂ ಯೋಚಿಸಬೇಕು. ಚಹಾ-ಬಿಸ್ಕತ್ತಿನಲ್ಲಿ ಹೊರಟ ಮಗು ಎರಡು ತರಗತಿ ಮುಗಿಸುವ ಹೊತ್ತಿಗೆ ನಿದ್ದೆ ತೂಗುತ್ತದೆ. ಶಿಕ್ಷಣ ನೀತಿ ಮಕ್ಕಳಿಗೆ ಬೆಳಗ್ಗಿನ ಉಪಾಹಾರವನ್ನೂ ಕೊಡಬೇಕು ಎಂದು 2020ರಲ್ಲೇ ಹೇಳಿದೆ. ಅದು ಕಾಗದದಲ್ಲೇ ಉಳಿದಿದೆ ಎಂದು ನಾವು ಸುಮ್ಮನಿರಬೇಕಾಗಿಲ್ಲ.

ದೂರು ಎಲ್ಲಿಗೆ ಎಂದು ಕೇಳುವವರಿಗೆ ಒಂದು ಮಾತು. ಮೊದಲು ಟೀಚರ್, ಆಮೇಲೆ ಮೇಲ್ವಿಚಾರಕಿ, ಆಮೇಲೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಲ್ಲಿಗೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲೆಯಲ್ಲಿ ಕುಂದುಕೊರತೆ ಅಧಿಕಾರಿ ಇದ್ದಾರೆ, ಮೇಲೆ ರಾಜ್ಯ ಆಹಾರ ಆಯೋಗ ಇದೆ. ಹಕ್ಕಿನ ಊಟ ಕೊಡದೆ ಇದ್ದರೆ ಭತ್ಯೆ ಕೊಡಬೇಕು ಎಂದು ಅದೇ ಕಾಯ್ದೆಯ 8ನೇ ಕಲಮು ಹೇಳುತ್ತದೆ. ದೂರನ್ನು ಬಾಯಲ್ಲಿ ಹೇಳಬೇಡಿ, ಕಾಗದದಲ್ಲಿ ಕೊಡಿ.

ಮಗುವನ್ನು ಯಾವ ಶಾಲೆಗೆ ಹಾಕಬೇಕು ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು. ಆದರೆ ಫೀಸು, ವ್ಯಾನು, ಯೂನಿಫಾರ್ಮಿನ ಲೆಕ್ಕ ಹಾಕುವ ದಿನ ಮಧ್ಯಾಹ್ನದ ತಟ್ಟೆಯ ಲೆಕ್ಕವನ್ನೂ ಹಾಕಿಕೊಳ್ಳಿ. ಸರಕಾರ ಕೊಡುವ ಕಡೆ ಮಗು ಇದ್ದರೆ ಪೂರ್ತಿ ಕೇಳಿ ಪಡೆಯಿರಿ. ಇಲ್ಲದ ಕಡೆಗೆ ಕಳುಹಿಸಿದ್ದರೆ ಆ ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಕಾಳು ಡಬ್ಬಿಯಲ್ಲಾದರೂ ಇರಲಿ.